ದೀಪ ಇದ್ದಾಗಲೇ ನಿಲ್ಲುತ್ತಿದ್ದ ಯುಪಿಎಸ್

ವೈನಿಗೆ ಇನ್ನು ಮುಂದೆ ಮನೆಯಲ್ಲೂ ಆಕ್ಸಿಜನ್ ಬೇಕಾಗುತ್ತದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ ದಿನ ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ. ನಾನು ಎಕ್ಸ್‌ರೇ ಕವರು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ವೈನಿ ಗೋಡೆ ಹಿಡಿದು ನಿಧಾನವಾಗಿ ಬಂದರು. ಎರಡು ಮಾತಿನ ನಡುವೆ ಒಮ್ಮೆ ಉಸಿರು ಎಳೆದುಕೊಂಡು, "ಏಳ್ರಿ. ಕಮಲಾಪುರ ಬಸ್ಸು... ಹೋಗ್ತದ," ಎಂದರು.

ಅಣ್ಣನ ಹೆಂಡತಿಗೆ ನಮ್ಮ ಮನೆಯಲ್ಲಿ ವೈನಿ ಅನ್ನುವುದು ರೂಢಿ. ಮನೆಯಲ್ಲಿ ಮರಾಠಿಯೂ ಕನ್ನಡವೂ ಕಲಸಿಹೋಗಿದ್ದವು. ಅವ್ವ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಹೊಸದಾಗಿ ಮದುವೆಯಾಗಿ ಬಂದಿದ್ದ ವೈನಿಯೇ ನನಗೆ ಡಬ್ಬಿ ಕಟ್ಟಿ, ಅಂಗಿ ಹೊಲಿದು, ಓದಿಸಿ ದೊಡ್ಡವನನ್ನಾಗಿ ಮಾಡಿದವರು. ಅವರಿಗೆ ಮಕ್ಕಳಾಗಲಿಲ್ಲ. ಅಣ್ಣ ಕಮಲಾಪುರದ ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರ, ಅವರಿಬ್ಬರೂ ಅಲ್ಲೇ ಇದ್ದರು. ನಾನು ಕಲಬುರಗಿಯಲ್ಲಿ ಕುಸನೂರ ದಾರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಂಡತಿಯೂ ನೌಕರಿಗೆ ಹೋಗುತ್ತಿದ್ದಳು. ಮಕ್ಕಳೊಡನೆ ನಮ್ಮ ಸಂಸಾರ ಐವಾನ್-ಎ-ಶಾಹಿ ಬಡಾವಣೆಯ ಹತ್ತಿರದ ಬಾಡಿಗೆ ಮನೆಯಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ ಅದು.

ವೈನಿಯ ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಬಂದಿತ್ತು. ಯಾಕೆ ಎಂದು ಡಾಕ್ಟರಿಗೂ ಹೇಳಲು ಬರಲಿಲ್ಲ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಒಂದು ಯಂತ್ರವನ್ನು ಹೈದರಾಬಾದಿನಿಂದ ಬಾಡಿಗೆಗೆ ತರಿಸಿದೆವು. ಸಣ್ಣ ಕಪಾಟಿನಷ್ಟು ಎತ್ತರ, ಕೆಳಗೆ ಗಾಲಿ. ಚಾಲೂ ಮಾಡಿದರೆ ಹಿಟ್ಟಿನ ಗಿರಣಿ ದೂರದಲ್ಲಿ ನಡೆದಂತೆ ಸದ್ದು. ಅದರಿಂದ ಹೊರಟ ತೆಳುವಾದ ಕೊಳವೆ ವೈನಿಯ ಮೂಗಿಗೆ. ಕೊಳವೆ ಹಾಕಿಕೊಂಡ ಮೊದಲ ದಿನ ಅವರ ತುಟಿಯ ನೀಲಿ ಬಣ್ಣ ಮಾಯವಾದದ್ದನ್ನು ನಾವಿಬ್ಬರೂ ಮಕ್ಕಳ ಹಾಗೆ ಬಾಗಿ ನೋಡಿದೆವು.

ಆದರೆ ಯಂತ್ರ ಓಡಬೇಕಾದರೆ ಕರೆಂಟು ಬೇಕು. ಕಮಲಾಪುರದಲ್ಲಿ ಅದು ಬಂದಾಗ ಬಂತು, ಹೋದಾಗ ಹೋಯಿತು. ಕರೆಂಟು ಹೋದರೆ ಬಳಸಲೆಂದು ಒಂದು ಆಕ್ಸಿಜನ್ ಸಿಲಿಂಡರು ಇಟ್ಟಿದ್ದೆವು. ಅದು ಖಾಲಿಯಾದರೆ ತುಂಬಿಸಲು ಕಲಬುರಗಿಗೇ ತರಬೇಕು. ಮನೆಗಳಲ್ಲಿ ಲೈಟು, ಫ್ಯಾನಿಗೆ ಇಡುವಂಥ ಇನ್ವರ್ಟರನ್ನು ಒಬ್ಬರಿಂದ ಕೇಳಿ ತಂದು ಜೋಡಿಸಿ ನೋಡಿದೆವು. ಯಂತ್ರ ನರಳಿದಂತೆ ಗುಂಯ್‌ಗುಟ್ಟಿ, ಮೈ ಕಾದು, ಕೆಂಪು ದೀಪ ತೋರಿಸಿತು. ಇದಕ್ಕೆ ಕಂಪ್ಯೂಟರಿಗೆ ಇಡುವ ಒಳ್ಳೆಯ ಯುಪಿಎಸ್ಸೇ ಬೇಕು, ದೊಡ್ಡ ಬ್ಯಾಟರಿ ಜೋಡಿಸಿದ್ದು, ಎಂದು ಯಂತ್ರದವರು ಫೋನಿನಲ್ಲಿ ಹೇಳಿದರು. ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಶರಣಬಸವೇಶ್ವರ ದೇವಸ್ಥಾನದ ಹತ್ತಿರ, ಕಾಲೇಜು ಹುಡುಗರು ಓಡಾಡುವ ಓಣಿಯಲ್ಲಿ, ಕಂಪ್ಯೂಟರ್ ಕಲಿಸುವ ಕೇಂದ್ರವೊಂದು ಮುಚ್ಚುತ್ತಿದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಸಂಜೆ ಅಲ್ಲಿಗೆ ಹೋದೆ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಾಲೀಕ ಬನಿಯನ್ನಿನಲ್ಲಿ ನಿಂತು ಮೇಜುಗಳ ಲೆಕ್ಕ ಹಾಕುತ್ತಿದ್ದ. ಮೂಲೆಯಲ್ಲಿ ಬೂದು ಬಣ್ಣದ ಯುಪಿಎಸ್ ಇತ್ತು. ಮುಂಭಾಗದ ದೀಪಗಳ ಕೆಳಗೆ ಬರೆದಿದ್ದ ಅಕ್ಷರಗಳು ಕೈ ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು.

"ಸಾಹೇಬ್ರ, ಬೇಫಿಕರ್ ಒಯ್ರಿ," ಎಂದ ಆತ. "ಈ ಮಶೀನ್ ಒಂದಿನಾನೂ ಕೈ ಕೊಟ್ಟಿಲ್ಲ. ನೀವ ನೋಡ್ರಿ."

ದೊಡ್ಡ ಬಲ್ಬುಗಳನ್ನು ಅದಕ್ಕೆ ಜೋಡಿಸಿ, ಗೋಡೆಯ ಪ್ಲಗ್ ಕಿತ್ತ. ಬಲ್ಬುಗಳು ಕಣ್ಣು ಮಿಟುಕಿಸಲಿಲ್ಲ. ನಾವು ಚಹ ಕುಡಿದು ಮುಗಿಸುವವರೆಗೂ ಉರಿದವು. ನನಗೆ ಆಗ ಇನ್ನೇನು ಕೇಳಬೇಕು ಎಂಬುದೇ ಗೊತ್ತಿರಲಿಲ್ಲ. ಮರುದಿನ ಜೀಪೊಂದರಲ್ಲಿ ಯುಪಿಎಸ್ಸನ್ನೂ ಅದರ ಬ್ಯಾಟರಿಗಳನ್ನೂ ಹೇರಿಕೊಂಡು ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಒಂದು ಕೈ ಅದರ ಮೇಲೇ ಇತ್ತು.

ಅಣ್ಣ ಅದನ್ನು ಕಂಡೊಡನೆ ಮುಖ ಗಂಟಿಕ್ಕಿದ. "ಸೆಕೆಂಡ್ ಹ್ಯಾಂಡ್ ಏನು?"

"ಹೌದು. ಆದ್ರ ಛಲೋ ಅದ. ನಾನ ನಿಂತು ನೋಡೀನಿ."

"ಯಾರೋ ಬಿಟ್ಟಿದ್ದು ಇದು. ಇದರ ಮ್ಯಾಲ ಆಕಿ ಜೀವ ಇಡಬೇಕೇನು?"

ವೈನಿ ಕಿಟಕಿಯ ಹತ್ತಿರ ಕುಳಿತು ಯಾರದೋ ಕುಪ್ಪಸದ ಬಟ್ಟೆ ಕತ್ತರಿಸುತ್ತಿದ್ದರು. ಹೊಲಿಗೆ ಯಂತ್ರ ತುಳಿಯಲು ಆಗದಿದ್ದರೂ ಅಳತೆ ತೆಗೆದು ಕತ್ತರಿಸಿ ಕೊಡುವುದನ್ನು ಬಿಟ್ಟಿರಲಿಲ್ಲ. ಓಣಿಯ ಹೆಂಗಸರು ಅದಕ್ಕಾಗಿಯೇ ಬಂದು ಕೂಡುತ್ತಿದ್ದರು. ಕತ್ತರಿ ನಿಲ್ಲಿಸದೆಯೇ, "ನಾನೂ ಹಳೀ ಸಾಮಾನ ಅಲ್ಲೇನ್ರಿ... ಇರ್ಲಿ ಬಿಡ್ರಿ, ಜೋಡಿ ಆಗ್ತದ," ಎಂದರು. ಅಣ್ಣ ನಗಲಿಲ್ಲ.

ಮೊದಲ ಕೆಲವು ದಿನ ಎಲ್ಲ ಸರಿಯಾಗಿತ್ತು. ಕರೆಂಟು ಹೋದರೂ ಆಕ್ಸಿಜನ್ ಯಂತ್ರ ಗೊತ್ತೇ ಇಲ್ಲದಂತೆ ಓಡಿತು. ನಾನು ಕಚೇರಿಯಲ್ಲಿ ಸ್ವಲ್ಪ ಎದೆ ಹಗುರ ಮಾಡಿಕೊಂಡು ಕೆಲಸ ಮಾಡತೊಡಗಿದ್ದೆ. ಆಮೇಲೆ ಒಂದು ಸಂಜೆ ಅಣ್ಣನ ಫೋನು ಬಂತು. ಪಕ್ಕದ ಮನೆಯಿಂದ ಮಾಡಿದ್ದ, ಹಿಂದೆ ಮಂದಿಯ ಗದ್ದಲ ಕೇಳುತ್ತಿತ್ತು.

"ನಿನ್ನ ಡಬ್ಬಿ ನಿಂತದ."

"ಕರೆಂಟ್ ಹೋಗ್ಯಾದೇನು?"

"ಕರೆಂಟ್ ಅದ! ಮನ್ಯಾಗ ದೀಪ ಹತ್ತ್ಯಾವ. ಅದರಾಗೇ ಇದು ನಿಂತದ. ಹಿಂಗ ಎಲ್ಲ್ಯಾದ್ರೂ ಆಗ್ತದೇನು? ಆಕಿ ಬೆರಳು ನೀಲಿ ಆಗ್ಯಾವ. ಸಿಲಿಂಡರ್ ಹಚ್ಚೀನಿ. ಅದು ಎಷ್ಟೊತ್ತು ಬರ್ತದ ನನಗ ಗೊತ್ತಿಲ್ಲ."

ಅದೇ ಗಳಿಗೆ ಬಸ್‌ಸ್ಟ್ಯಾಂಡಿಗೆ ಓಡಿದೆ. ನಾನು ಮುಟ್ಟುವ ಹೊತ್ತಿಗೆ ವೈನಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದರು, ಉಸಿರಾಟ ಹದಕ್ಕೆ ಬಂದಿತ್ತು. ಅಣ್ಣ ಸಿಲಿಂಡರಿನ ಪಕ್ಕದಲ್ಲಿ, ಅದರ ಕೀಲು ತಿರುಗಿಸುವ ಪಾನಾ ಹಿಡಿದುಕೊಂಡೇ ಕುಳಿತಿದ್ದ. ಯುಪಿಎಸ್ ನೋಡಿದೆ. ಒಂದು ದೀಪವೂ ಇಲ್ಲ. ಮರುದಿನ ಮುಂಜಾನೆ ಗುಂಡಿ ಒತ್ತಿದರೆ, ಏನೂ ಆಗಿಯೇ ಇಲ್ಲ ಎಂಬಂತೆ ಹಸಿರು ದೀಪ ತೋರಿಸಿ ಚಾಲೂ ಆಯಿತು.

ಅಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಬ್ಯಾಟರಿ ಹಳೆಯದಾಗಿರಬೇಕು ಎಂದುಕೊಂಡು ಬದಲಾಯಿಸಿದೆವು. ಮತ್ತೆ ಕೆಲವು ದಿನ ನಡೆಯಿತು, ಮತ್ತೆ ನಿಂತಿತು. ಯುಪಿಎಸ್ಸನ್ನು ಹೊತ್ತುಕೊಂಡು ಸ್ಟೇಷನ್ ರೋಡಿನ ರಿಪೇರಿಯವನ ಹತ್ತಿರ ಹೋದೆ. ಆತ ಬಿಚ್ಚಿ, ಧೂಳು ಊದಿ, ಒಂದೆರಡು ಕಡೆ ಬೆಸುಗೆ ಹಾಕಿ, ತನ್ನ ಮೇಜಿನ ಮೇಲೆ ಇಟ್ಟುಕೊಂಡು ದಿನಗಟ್ಟಲೆ ಓಡಿಸಿದ. ಅದು ಅವನ ಮುಂದೆ ಒಮ್ಮೆಯೂ ಹಟ ಮಾಡಲಿಲ್ಲ.

"ಇದರಾಗ ಏನೂ ಇಲ್ರಿ. ನಿಮ್ಮ ಮನಿ ವೈರಿಂಗ್ ತೋರಿಸ್ರಿ," ಎಂದ.

ಕಮಲಾಪುರದ ವೈರ್‌ಮನ್ ಬಂದ. ಬೋರ್ಡು ಬಿಚ್ಚಿ ನೋಡಿದ, ಬೇವಿನ ಮರದ ಬುಡದಲ್ಲಿದ್ದ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿಸಿ ನೀರು ಸುರಿಸಿದ. "ವೈರಿಂಗ್ ಪಕ್ಕಾ ಅದರಿ. ನಿಮ್ಮ ಡಬ್ಬಿನೇ ಖರಾಬ್ ಇರ್ಬೇಕು," ಎಂದು ಹೋದ. ಅರ್ಥಿಂಗ್ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕುವ ಕೆಲಸ ಅಣ್ಣನ ಪಾಲಿಗೆ ಬಂತು. ಊರಲ್ಲಿ ಕುಡಿಯುವ ನೀರಿಗೇ ತೊಂದರೆ ಇದ್ದ ಬೇಸಿಗೆ ಅದು. ಅವನು ಆ ಕೊಡವನ್ನು ಸುರಿಯುವ ರೀತಿಯಲ್ಲೇ ನನ್ನ ಮೇಲಿನ ಸಿಟ್ಟು ಕಾಣುತ್ತಿತ್ತು.

ರಿಪೇರಿಯವನನ್ನೇ ಒಂದು ಬೆಳಿಗ್ಗೆ ಕಮಲಾಪುರಕ್ಕೆ ಕರೆದುಕೊಂಡು ಹೋದೆ. ಆತ ಇರುವಷ್ಟು ಹೊತ್ತೂ ಯುಪಿಎಸ್ ಸಲೀಸಾಗಿ ನಡೆಯಿತು. ಪ್ಲಗ್ ಕಿತ್ತರೂ ನಡೆಯಿತು, ಹಾಕಿದರೂ ನಡೆಯಿತು. ವೈನಿ ಕೊಟ್ಟ ಅವಲಕ್ಕಿ ತಿಂದು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಆ ದಿನ ಸಂಜೆಯೇ ಅದು ನಿಂತಿತು.

ಮುಂದಿನ ಭಾನುವಾರ ನಾನು ಹೋದಾಗ ಅಣ್ಣ ಹೊರಗಿನ ಕಟ್ಟೆಯ ಮೇಲೆಯೇ ನನ್ನನ್ನು ತಡೆದ.

"ಆಕಿನ್ನ ಕಲಬುರ್ಗಿಗೆ ಒಯ್ತೀನಿ. ನಿಮ್ಮ ಮನ್ಯಾಗ ಜಗಾ ಇದ್ರ ಹೇಳು, ಇಲ್ಲಂದ್ರ ಬ್ಯಾರೆ ಕೋಣಿ ಹಿಡೀತೀನಿ. ಸಾಲಿಗೆ ರಜಾ ಹಾಕ್ತೀನಿ. ಈ ಡಬ್ಬಿ ನಂಬಿ ಕೂತ್ರ ಒಂದಿನ ನಾ ಸಾಲ್ಯಾಗ ಇದ್ದಾಗ..."

"ನಮ್ಮ ಮನಿ ನಿಂದಲ್ಲೇನು? ಇವತ್ತೇ ನಡೀರಿ," ಎಂದೆ.

ಒಳಗಿನಿಂದ ವೈನಿಯ ದನಿ ಬಂತು. "ನಾ ಬರಂಗಿಲ್ಲ."

ನಾವಿಬ್ಬರೂ ಒಳಗೆ ಹೋದೆವು. ಅವರು ಹೇಳುವುದನ್ನು ತುಣುಕು ತುಣುಕಾಗಿಯೇ ಹೇಳಬೇಕಿತ್ತು. "ಇಲ್ಲಿ ದಿನಾ ನಾಕು ಮಂದಿ... ಬಂದು ಕೂಡ್ತಾರ. ಬಟ್ಟಿ ತರ್ತಾರ. ಜಗಳಾ ಹೇಳ್ತಾರ. ಅಲ್ಲಿ ತಮ್ಮಾ, ನೀನೂ ನಿನ್ನ ಹೇಣ್ತಿನೂ ಆಫೀಸಿಗೆ ಹೋಗ್ತೀರಿ, ಮಕ್ಕಳು ಸಾಲಿಗಿ. ನಾ ಆ ಮಶೀನ್ ಸಪ್ಪಳಾ ಕೇಳಕೋತ... ಗ್ವಾಡಿ ನೋಡಬೇಕು. ಎಷ್ಟು ದಿನ ಇರ್ತೀನೋ, ಮಂದಿ ನಡುವ ಇರ್ತೀನಿ."

ಅಣ್ಣ ಸಿಟ್ಟಿಗೆದ್ದ. ಅವನ ಸಿಟ್ಟು ವೈನಿಯ ಮೇಲೆ ಹೋಗಲಾರದೆ ನನ್ನ ಕಡೆ ತಿರುಗಿತು. "ನೀ ಈ ಹರಕು ಸಾಮಾನ ತರದಿದ್ರ ಈ ಮಾತ ಬರ್ತಿದ್ದಿಲ್ಲ. ಊರಿನ ಕಸಾ ಎಲ್ಲಾ ನನ್ನ ಮನಿಗೆ ತಂದು ಹಾಕು." ನಾನೂ ಸುಮ್ಮನಿರಲಿಲ್ಲ, "ಹಂಗಿದ್ರ ಹೊಸಾದು ನೀನ ತರಬೇಕಿತ್ತು," ಎಂದೆ. ಅವನ ಸಂಬಳ ಔಷಧಿಗೇ ಸಾಲದು ಎಂದು ತಿಳಿದೂ ಹಾಗೆ ಅಂದಿದ್ದೆ. ಅವನು ಅಂಗಳಕ್ಕೆ ಹೋಗಿ ನಿಂತ. ವೈನಿ ನನ್ನತ್ತ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ ದಿನ ನಾನು ಮಧ್ಯಾಹ್ನದ ಬಸ್ಸಿಗೆ ಹೊರಡಲಿಲ್ಲ. ಸೋಮವಾರ ಕಚೇರಿಗೆ ರಜೆ ಹಾಕಿದರಾಯಿತು ಎಂದು ಅಲ್ಲೇ ಉಳಿದೆ. ಅದು ನಿಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಕಲಬುರಗಿಯಲ್ಲಿ ಕೊಂಡಿದ್ದ, ಕರೆಂಟಿನ ಒತ್ತಡ ಅಳೆಯುವ ಒಂದು ಸಣ್ಣ ಮೀಟರು ಜೇಬಿನಲ್ಲಿತ್ತು. ರಿಪೇರಿಯವನೇ ಅದನ್ನು ಹಿಡಿಯುವುದನ್ನು ತೋರಿಸಿಕೊಟ್ಟಿದ್ದ.

ಬಿಸಿಲು ಇಳಿಯುವ ಹೊತ್ತು. ವೈನಿಯ ಮಂಚದ ಪಕ್ಕದ ಚಾಪೆಯ ಮೇಲೆ ಕುಳಿತಿದ್ದೆ. ಓಣಿಯ ಹೆಂಗಸೊಬ್ಬಳು ಕುಪ್ಪಸದ ಅಳತೆ ಕೊಟ್ಟು ಎದ್ದುಹೋದಳು. ಅಣ್ಣ ಬಾಗಿಲ ಹತ್ತಿರ ಪರೀಕ್ಷೆಯ ಪೇಪರು ತಿದ್ದುತ್ತಿದ್ದ, ನನ್ನ ಜೊತೆ ಮಾತಿಲ್ಲ. ವೈನಿ ಇದ್ದಕ್ಕಿದ್ದಂತೆ ಕೈ ಎತ್ತಿದರು.

"ಕೇಳಿದೇನು ತಮ್ಮಾ?"

"ಏನು?"

"ಟಕ್ ಅಂತು. ದಿನಾ ಇದ ಹೊತ್ತಿಗೆ ಅಂತದ."

ನನಗೆ ಕೇಳಿರಲಿಲ್ಲ. "ಮೊದಲ ಯಾಕ ಹೇಳಲಿಲ್ರಿ ವೈನಿ?"

"ನಿಮ್ಮ ಅಣ್ಣಗ ಹೇಳ್ದೆ. ಹಲ್ಲಿ ಇರ್ಬೇಕು ಅಂದ್ರು."

ಅಣ್ಣ ಪೇಪರಿನಿಂದ ತಲೆ ಎತ್ತಿದ. ನಾನು ಎದ್ದು ಯುಪಿಎಸ್ ಹತ್ತಿರ ಹೋದೆ. ಬೆಳಗಿನಿಂದ ಹಸಿರಾಗಿದ್ದ ದೀಪ ಆರಿ ಅದರ ಪಕ್ಕದ ಹಳದಿ ದೀಪ ಹತ್ತಿತ್ತು. ಯಾವ ದೀಪಕ್ಕೆ ಏನು ಅರ್ಥ ಎಂದು ಬರೆದದ್ದು ಅಳಿಸಿಹೋಗಿತ್ತಲ್ಲ, ಹಳದಿ ಇದ್ದರೆ ಬ್ಯಾಟರಿ ತುಂಬುತ್ತಿದೆ ಎಂದೇ ನಾವೆಲ್ಲ ತಿಳಿದಿದ್ದೆವು. ಮೇಲೆ ನೋಡಿದೆ. ಬಲ್ಬು ಉರಿಯುತ್ತಿತ್ತು, ಆದರೆ ಒಳಗಿನ ತಂತಿ ಕೆಂಡದ ಹಾಗೆ ಕೆಂಪಗೆ ಕಾಣುತ್ತಿತ್ತು. ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಿತ್ತು. ಆ ಊರಿನಲ್ಲಿ ಸಂಜೆಯ ದೀಪ ಯಾವಾಗಲೂ ಹಾಗೇ ಇರುತ್ತಿತ್ತು, ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ಮೀಟರಿನ ತುದಿಗಳನ್ನು ಪ್ಲಗ್ಗಿಗೆ ಹಿಡಿದೆ. ಇನ್ನೂರ ಮೂವತ್ತರ ಹತ್ತಿರ ಇರಬೇಕಾದ ಮುಳ್ಳು ನೂರೈವತ್ತರ ಮೇಲೆ ನಡುಗುತ್ತ ನಿಂತಿತ್ತು.

"ಈ ಹೊತ್ತಿಗೆ ಊರಾಗ ಏನಾಗ್ತದ?" ಎಂದು ಅಣ್ಣನನ್ನು ಕೇಳಿದೆ. ಜಗಳ ಮರೆತುಹೋಗಿತ್ತು.

ಅವನು ಪೇಪರು ಬದಿಗಿಟ್ಟ. "ತ್ವಾಟಕ್ಕ ಕರೆಂಟ್ ಬಿಡ್ತಾರ. ಬಾಳಿ ತ್ವಾಟದ ಪಂಪ್‌ಸೆಟ್ ಎಲ್ಲಾ ಒಮ್ಮೆಲೇ ಚಾಲೂ ಆಗ್ತಾವ."

ಕಮಲಾಪುರದ ಕೆಂಪು ಬಾಳೆಗೆ ನೀರು ಬಿಡುವ ಹೊತ್ತಿಗೆ ಊರಿನ ಮನೆಗಳ ಕರೆಂಟು ಸೊರಗುತ್ತಿತ್ತು. ಯುಪಿಎಸ್ ಇಂಥ ದುರ್ಬಲ ಕರೆಂಟನ್ನು ಒಲ್ಲೆ ಎಂದು ಬಿಟ್ಟು, ಬ್ಯಾಟರಿಯ ಮೇಲೆ ಓಡುತ್ತಿತ್ತೇ? ಪಂಪುಗಳು ಬೇಗ ನಿಂತ ದಿನ ಬ್ಯಾಟರಿ ಉಳಿದು, ತಡವಾದ ದಿನ, ಮನೆಯಲ್ಲಿ ದೀಪ ಇದೆಯೆಂದು ನಾವು ನಿಶ್ಚಿಂತೆಯಿಂದ ಇರುವಾಗಲೇ ಖಾಲಿಯಾಗಿ, ಎಲ್ಲ ನಿಂತುಹೋಗುತ್ತಿತ್ತೇ? ಆ ಮೊದಲ ಸಂಜೆ ಬಿಟ್ಟರೆ ನಾನೂ ರಿಪೇರಿಯವನೂ ಬಂದದ್ದೆಲ್ಲ ಬೆಳಿಗ್ಗೆ, ಹೋದದ್ದೆಲ್ಲ ಮಧ್ಯಾಹ್ನ. ಹೇಳಿ ನೋಡಿದಾಗ ಎಲ್ಲ ಕೂಡಿಬರುತ್ತಿತ್ತು. ಆದರೆ ಇಷ್ಟು ದಿನ ಎಷ್ಟೊಂದು ಸಲ, ಇದೇ ಕಾರಣ ಎಂದುಕೊಂಡು ಮೋಸ ಹೋಗಿದ್ದೆವು.

"ಖಾತ್ರಿ ಮಾಡಬೇಕಂದ್ರ ಹಿಂಗ ಬಿಟ್ಟು ನೋಡಬೇಕು," ಎಂದೆ. "ಬ್ಯಾಟರಿ ಮುಗಿದು ನಿಲ್ತದೋ ಇಲ್ಲೋ ಅಂತ. ಆಕ್ಸಿಜನ್ ಮಶೀನ್ ತಗದು ಬಲ್ಬ್ ಹಚ್ಚೋಣ, ವೈನಿಗೆ ಸಿಲಿಂಡರ್ ಕೊಡೋಣ."

"ಸಿಲಿಂಡರ್ ಅರ್ಧಾನೂ ಇಲ್ಲ," ಎಂದ ಅಣ್ಣ. "ಈಗ ಹಚ್ಚಿದ್ರ ಮುಂಜಾನಿತನಕಾ ಬರಂಗಿಲ್ಲ."

ವೈನಿ ಮೂಗಿನ ಕೊಳವೆ ಸರಿ ಮಾಡಿಕೊಂಡರು. "ನನ್ನ ಮಶೀನೇ ಇರ್ಲಿ. ಅದು ನಿಲ್ಲೋತನಕಾ ನೋಡ್ರಿ. ನಿಂತ ಮ್ಯಾಲ ಸಿಲಿಂಡರ್ ಹಚ್ರಿ."

"ಬ್ಯಾಡ," ಎಂದ ಅಣ್ಣ.

"ಎಷ್ಟೋ ಸಲ ನಿಂತದಲ್ರಿ. ಇವತ್ತ ನೀವಿಬ್ಬರೂ... ಬಾಜೂಕ ಇದ್ದೀರಿ. ಯಾಕ ಅಂಜ್ತೀರಿ?"

ಅಣ್ಣ ನನ್ನ ಮುಖ ನೋಡಿದ, ನಾನು ಮೀಟರು ನೋಡಿದೆ. ಕೊನೆಗೆ ಅವನೇ ಸಿಲಿಂಡರನ್ನು ಮಂಚಕ್ಕೆ ತಾಗಿಸಿ ತಂದು, ಪಾನಾವನ್ನು ಅದರ ತಲೆಗೆ ಹಾಕಿ ಸಿದ್ಧಮಾಡಿ, ಪಕ್ಕದಲ್ಲಿ ಕುಳಿತ.

ಕಾಯುವ ಆ ಹೊತ್ತು ಮುಗಿಯುವಂತೆಯೇ ಇರಲಿಲ್ಲ. ಹಳದಿ ದೀಪ ಉರಿಯುತ್ತಿತ್ತು. ಹೊರಗೆ ದನಗಳು ಮನೆಗೆ ಬರುತ್ತಿದ್ದವು. ವೈನಿ ಕತ್ತರಿ ತೆಗೆದುಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕತೊಡಗಿದರು. ತೋಳಿನ ಸುತ್ತು ಕತ್ತರಿಸುವಾಗ ಅವರ ನಾಲಗೆ ತುಟಿಯ ಮೂಲೆಗೆ ಬರುತ್ತಿತ್ತು. ನಾನು ಚಿಕ್ಕವನಿದ್ದಾಗಲೂ ಅದು ಹಾಗೇ ಇತ್ತು. ಅಣ್ಣನ ಕಣ್ಣು ಅವರ ಉಗುರುಗಳ ಮೇಲೆ ನೆಟ್ಟಿತ್ತು.

ಕುಪ್ಪಸದ ಎರಡನೆಯ ತೋಳು ಕತ್ತರಿಸುತ್ತಿರುವಾಗ ಯುಪಿಎಸ್ ಮತ್ತೊಮ್ಮೆ ಟಕ್ ಎಂದಿತು. ಈ ಸಲ ನನಗೂ ಕೇಳಿತು. ದೀಪ ಆರಿತು. ಆಕ್ಸಿಜನ್ ಯಂತ್ರ ಒಂದು ಉದ್ದನೆಯ ನಿಟ್ಟುಸಿರು ಬಿಟ್ಟು ನಿಂತಿತು. ಕೋಣೆಯಲ್ಲಿ ಬಲ್ಬು ಕೆಂಪಗೆ ಉರಿಯುತ್ತಲೇ ಇತ್ತು.

ಅಣ್ಣ ಪಾನಾ ತಿರುಗಿಸಿದ. ಅದು ಜಾರಿತು. ಮತ್ತೆ ತಿರುಗಿಸಿದ. ಕೀಲು ಬಿಗಿಯಾಗಿತ್ತು, ಬಿಚ್ಚಿಕೊಳ್ಳಲೇ ಇಲ್ಲ. ವೈನಿ ಕತ್ತರಿ ಕೆಳಗಿಟ್ಟರು. ಅವರ ಭುಜಗಳು ಏಳತೊಡಗಿದವು, ಬಾಯಿ ತೆರೆದುಕೊಂಡಿತು. ತುಟಿಯ ಮೇಲೆ ಆ ನೀಲಿ ಹರಡುವುದನ್ನು ನಾನು ಮೊದಲ ಸಲ ಕಣ್ಣಾರೆ ಕಂಡೆ. ನಾನೂ ಹೋಗಿ ಪಾನಾದ ಮೇಲೆ ಅಣ್ಣನ ಕೈಯ ಮೇಲೆ ಕೈ ಹಾಕಿ ಜಗ್ಗಿದೆ. ಕೀಲು ಬಿಟ್ಟಿತು, ಗಾಳಿ ಬುಸ್ ಎಂದಿತು. ಅಣ್ಣ ಕೊಳವೆ ಸಿಕ್ಕಿಸಿದ. ವೈನಿ ಎರಡೂ ಕೈಯಿಂದ ಮಂಚದ ಅಂಚು ಹಿಡಿದು, ಕಣ್ಣು ಅಗಲಿಸಿ ಉಸಿರು ಎಳೆದರು, ಮತ್ತೆ ಎಳೆದರು. ಬಹಳ ಹೊತ್ತಿನ ಮೇಲೆ ಅವರ ಕೈ ಸಡಿಲಾಯಿತು.

"ಗೊತ್ತಾಯ್ತಲ್ಲ," ಎಂದರು. ಅಷ್ಟೇ ಹೇಳಲು ಅವರಿಗೆ ಆಗಿದ್ದು.

ಅಣ್ಣ ಹಿತ್ತಲಿಗೆ ಹೋದ. ಅವನು ಅಳುವುದು ನನಗೆ ಕೇಳಿತು. ವೈನಿಗೂ ಕೇಳಿರಬೇಕು. ರಾತ್ರಿ ಪಂಪುಗಳು ನಿಂತು ಬಲ್ಬು ಬೆಳ್ಳಗಾದ ಮೇಲೆ ಆಕ್ಸಿಜನ್ ಯಂತ್ರವನ್ನು ಸೀದಾ ಗೋಡೆಯ ಪ್ಲಗ್ಗಿಗೆ ಹಚ್ಚಿದೆವು.

ಮರುದಿನ ಯುಪಿಎಸ್ಸನ್ನು ರಿಪೇರಿಯವನ ಹತ್ತಿರ ಒಯ್ದು ನಡೆದದ್ದನ್ನೆಲ್ಲ ಹೇಳಿದೆ. ಅವನು ಒಪ್ಪಿದ. ಆದರೆ ಅವನಿಗೂ ಒಂದು ಅನುಮಾನ. "ಬ್ಯಾಟರಿ ಮ್ಯಾಲ ಹೋದ್ರ ಇದು ಒದರಬೇಕಿತ್ತಲ್ರಿ? ಪೀಂ ಪೀಂ ಅಂತ?" ನಮ್ಮಲ್ಲಿ ಅದು ಒಂದು ದಿನವೂ ಒದರಿರಲಿಲ್ಲ. ಮತ್ತೆ ಬಿಚ್ಚಿ, ಈ ಸಲ ಹುಡುಕುವುದು ಏನೆಂದು ತಿಳಿದು ಹುಡುಕಿದ. ಎಚ್ಚರಿಕೆಯ ಸದ್ದು ಮಾಡುವ ಗುಂಡನೆಯ ಬಿಲ್ಲೆಯ ತಂತಿಯನ್ನು ಯಾರೋ ಕತ್ತರಿಸಿ, ತುದಿಗೆ ಟೇಪು ಸುತ್ತಿ, ಒಳಗೆ ಮಡಚಿ ಇಟ್ಟಿದ್ದರು. "ಅರೆ! ಮೊದಲ ನಾನೂ ನೋಡಿಲ್ರಿ ಇದನ್ನ," ಎಂದು ನಾಲಗೆ ಕಚ್ಚಿಕೊಂಡ.

ನಾನು ಅಲ್ಲಿಂದ ಸೀದಾ ಕಂಪ್ಯೂಟರ್ ಕೇಂದ್ರದ ಮಾಲೀಕನನ್ನು ಹುಡುಕಿಕೊಂಡು ಹೋದೆ. ಆಗಲೇ ಅದೇ ಜಾಗದಲ್ಲಿ ಝೆರಾಕ್ಸ್ ಅಂಗಡಿ ಹಾಕಿದ್ದ. ಕೇಳಿದರೆ ನಕ್ಕುಬಿಟ್ಟ.

"ಹೌದ್ರಿ ಸಾಹೇಬ್ರ, ಆ ವೈರ್ ನಾವ ಕಡ್ಸಿದ್ವಿ. ಲೈಟ್ ಹೋದಾಗೆಲ್ಲಾ ಕ್ಲಾಸಿನ್ಯಾಗ ಪೀಂ ಪೀಂ ಅಂತ ತಲಿ ತಿಂತಿತ್ತು. ಹುಡುಗೂರು ನಗತಿದ್ರು."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

"ಅದನ್ನ ನಮ್ಮ ಮನ್ಯಾಗ ಉಸಿರಾಟದ ಮಶೀನಿಗೆ ಹಚ್ಚೀವಿ," ಎಂದೆ. ನನ್ನ ದನಿ ಏರಿತ್ತು. ಝೆರಾಕ್ಸಿಗೆ ಬಂದಿದ್ದವರು ತಿರುಗಿ ನೋಡಿದರು. ಅವನ ನಗೆ ನಿಂತಿತು. ಕೌಂಟರಿನ ಹಿಂದಿನಿಂದ ಹೊರಗೆ ಬಂದು, "ತೌಬಾ, ತೌಬಾ. ಖುದಾ ಕಸಮ್, ನಂಗ ಗೊತ್ತಿದ್ದಿಲ್ರಿ. ಆಫೀಸಿಗೆ ಅಂತ ತಿಳಿದಿದ್ದೆ," ಎಂದ. ಅವನ ಮುಖ ನಿಜವಾಗಿ ಬಿಳಿಚಿಕೊಂಡಿತ್ತು. ನಾನು ಯಾತಕ್ಕೆ ಒಯ್ಯುತ್ತೇನೆಂದು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಇನ್ನು ಏನೆಂದು ಬೈಯಲಿ? ಸಿಟ್ಟನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದೆ.

ರಿಪೇರಿಯವ ಆ ಬಿಲ್ಲೆಯನ್ನು ಮತ್ತೆ ಜೋಡಿಸಿದ. ಕುಗ್ಗಿದ ಕರೆಂಟನ್ನು ಎತ್ತಿ ಕೊಡುವ ಒಂದು ಭಾರವಾದ ಸ್ಟೆಬಿಲೈಜರನ್ನು ಯುಪಿಎಸ್ಸಿನ ಮುಂದೆ ಇಡಲು ಹೇಳಿದ. ಅದನ್ನೂ ಒಯ್ದು ಇಟ್ಟೆವು. ಅಣ್ಣ ತನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಹಿಡಿದು ಲೈನ್‌ಮನ್‌ನನ್ನು ಮನೆಗೆ ಕರೆಸಿದ. ಆತ ಕಂಬದ ಕೆಳಗೆ ನಿಂತು ಮೇಲೆ ನೋಡಿ, "ಈ ತಂತಿ ಮ್ಯಾಲ ಲೋಡ್ ಭಾಳ ಅದರಿ ಮಾಸ್ತರ. ಆ ಕಡೀ ತಂತಿಗೆ ಹಾಕ್ತೀನಿ," ಎಂದು ಏಣಿ ಹಚ್ಚಿದ. ಅವನು ಇಳಿಯುವ ಹೊತ್ತಿಗೆ ವೈನಿ ಕಿಟಕಿಯಿಂದಲೇ, "ಚಹ ಕುಡದು ಹೋಗ್ರಿ," ಎಂದು ಕೂಗಲು ನೋಡಿ ಕೆಮ್ಮಿದರು.

ಅಂದು ಸಂಜೆ ತೋಟಗಳಿಗೆ ಕರೆಂಟು ಬಂತು. ಬಲ್ಬು ಸ್ವಲ್ಪ ಬಾಡಿತು, ಸ್ಟೆಬಿಲೈಜರು ಒಳಗೆ ಗರ್ ಎಂದಿತು, ಹಸಿರು ದೀಪ ಹಸಿರಾಗಿಯೇ ಇತ್ತು. ಆಮೇಲೆ ಇಡೀ ಊರಿನ ಕರೆಂಟೇ ಹೋಯಿತು. ಯುಪಿಎಸ್ ಮೊದಲ ಸಲ ಪೀಂ ಎಂದು ಒದರಿತು. ಅಣ್ಣ ಬೆಚ್ಚಿ ಎದ್ದ. ವೈನಿ ನಕ್ಕರು. "ಹುಟ್ಟಿದ ಕೂಸಿನಂಗ ಅಳ್ತದ ನೋಡ್ರಿ," ಎಂದರು. ಕರೆಂಟು ಮರಳಿ ಬರುವವರೆಗೂ ಅದು ಅಳುತ್ತಲೇ ಓಡಿತು.

ಅದಾದ ಮೇಲೆ ಆ ಯುಪಿಎಸ್ ನಮ್ಮನ್ನು ಕೈಬಿಡಲಿಲ್ಲ. ಅಣ್ಣ ಮಾತ್ರ ಅದನ್ನು ಪೂರ್ತಿ ನಂಬಲಿಲ್ಲ. ಸಾಲೆಯಿಂದ ಮಧ್ಯಾಹ್ನ ಓಡಿ ಬಂದು ದೀಪ ನೋಡಿ ಹೋಗುತ್ತಿದ್ದ. ವೈನಿ ಆ ಮಳೆಗಾಲ ದಾಟಿದರು, ಚಳಿಗಾಲವನ್ನೂ ದಾಟಿದರು. ಓಣಿಯ ಹೆಂಗಸರು ಬಂದು ಕೂಡುವುದು ನಡೆದೇ ಇತ್ತು. ಮರುವರ್ಷ ಯುಗಾದಿಯ ಹೊತ್ತಿಗೆ ಜ್ವರ ಬಂತು, ಎದೆಯಲ್ಲಿ ಸೋಂಕು ಸೇರಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ, ನಾವಿಬ್ಬರೂ ಪಕ್ಕದಲ್ಲಿರುವಾಗ ತೀರಿಕೊಂಡರು.

ಅಣ್ಣ ಕೆಲವು ವರ್ಷಗಳ ನಂತರ ನಿವೃತ್ತನಾಗಿ ಕಲಬುರಗಿಗೇ ಬಂದು ಕುಸನೂರದಲ್ಲಿ ಒಂದು ಸಣ್ಣ ಮನೆ ಹಿಡಿದ. ಕಚೇರಿಯಿಂದ ಬರುವಾಗ ದಿನಾ ಅವನಲ್ಲಿಗೆ ಹೋಗಿ ಚಹ ಕುಡಿದು ಬರುತ್ತಿದ್ದೆ. ನಾವು ಕಮಲಾಪುರದ ಕಟ್ಟೆಯ ಮೇಲೆ ಆಡಿದ ಮಾತುಗಳನ್ನು ಮತ್ತೆ ಎತ್ತಲಿಲ್ಲ. ಒಂದು ಸಲ ಮಾತ್ರ ಅವನು ಚಹದ ಬಸಿ ಕೆಳಗಿಟ್ಟು ಕೇಳಿದ.

"ಅವತ್ತು ನಾವು ಬಿಟ್ಟು ನೋಡಬಾರದಿತ್ತೇನೋ? ಆ ಒಂದು ಸಂಜಿ ಆಕಿ ಎದಿಗೆ ಭಾಳ ಪೆಟ್ಟು ಬಿತ್ತೇನೋ ಅನಸ್ತದ ನನಗ."

"ಡಾಕ್ಟರಿಗೆ ನಾ ಕೇಳೀನಿ," ಎಂದೆ. ನಿಜವಾಗಿ ಕೇಳಿದ್ದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಂದ್ರು."

ಅವನು ತಲೆ ಆಡಿಸಿದ. "ಡಾಕ್ಟರ್ ಆ ಕೋಣ್ಯಾಗ ಇದ್ದಿಲ್ಲಲ್ಲ."

ಅವನು ಎದ್ದು ಒಳಗೆ ಹೋಗಿ ಇನ್ನೊಂದು ಸಲ ಚಹಕ್ಕೆ ಇಟ್ಟ. ನಾನು ಅಂದು ಮನೆಗೆ ತಡವಾಗಿ ಹೋದೆ.